ಟೆಶಿಮಾದ ಗಾಳಿಗಂಟೆಗಳು, ಶೋಡೊಶಿಮಾದ ಭೇರಿ

ಜಪಾನಿನ ಹೊನ್ಶು ಮತ್ತು ಶಿಕೊಕು ದ್ವೀಪಗಳ ನಡುವಿನ ಸೆಟೊ ಒಳಗಡಲಿನಲ್ಲಿ 2010ರಿಂದ ಮೂರು ವರ್ಷಗಳಿಗೊಮ್ಮೆ ಒಂದು ದೊಡ್ಡ ಕಲಾ ಉತ್ಸವ ನಡೆಯುತ್ತದೆ. ಅದರ ಶರತ್ಕಾಲದ ಅವಧಿಗೆಂದು ಅಕ್ಟೋಬರಿನಲ್ಲಿ ಹೊರಟ ನಾವು ಓಕಯಾಮಾ ಪ್ರಾಂತ್ಯದ ಊನೊ ಬಂದರಿನಿಂದ ಹಡಗು ಹಿಡಿದು ಟೆಶಿಮಾ ದ್ವೀಪಕ್ಕೆ ಬಂದೆವು. ಇಲ್ಲಿಗೆ ಬರುವವರಲ್ಲಿ ಹಲವರಿಗೆ ನೀರಹನಿಯ ಆಕಾರದ ಕಲಾ ಸಂಗ್ರಹಾಲಯವೇ ಮುಖ್ಯ. ನನಗೆ ಬೇಕಾಗಿದ್ದುದು ಫ್ರೆಂಚ್ ಕಲಾವಿದ ಕ್ರಿಸ್ತಿಯಾನ್ ಬೋಲ್ತಾನ್ಸ್ಕಿ 2016ರಲ್ಲಿ ಡಾನ್‌ಯಾಮಾ ಬೆಟ್ಟದ ಕಾಡಿನೊಳಗೆ ರಚಿಸಿದ ‘ಪಿಸುಮಾತುಗಳ ಕಾಡು’.

ಕರಾಟೊ ಎಂಬ ಹಳ್ಳಿಯಿಂದ ಏರುದಾರಿಯಲ್ಲಿ ನಡೆದರೆ ಕಲಾಕೃತಿ ಕಣ್ಣಿಗೆ ಬೀಳುವ ಮುಂಚೆಯೇ ಕಿವಿಗೆ ಸಿಗುತ್ತದೆ. ಮರಗಳ ನಡುವೆ ನೂರಾರು ಗಾಳಿಗಂಟೆಗಳು ತೂಗುತ್ತವೆ. ಜಪಾನಿನ ಮನೆಗಳ ಸೂರಿನಲ್ಲಿ ಬೇಸಿಗೆಯಲ್ಲಿ ಕಟ್ಟುವಂಥವೇ ಇವು. ಗಂಟೆಯ ನಾಲಗೆಗೆ ಕಟ್ಟಿದ ಪಟ್ಟಿ ಗಾಳಿಗೆ ಅಲುಗಿದಾಗ ನಾಲಗೆ ಅಂಚಿಗೆ ತಾಗುತ್ತದೆ. ಇಲ್ಲಿನ ಪಟ್ಟಿಗಳು ಪಾರದರ್ಶಕವಾಗಿದ್ದು, ಒಂದೊಂದರ ಮೇಲೂ ಯಾರೋ ತಮ್ಮ ಪ್ರೀತಿಪಾತ್ರರ ಹೆಸರನ್ನು ಬರೆಸಿದ್ದಾರೆ. ಗಾಳಿ ಇಳಿಜಾರಿನ ಕೆಳಗಿನಿಂದ ಬರುತ್ತಿದ್ದುದರಿಂದ ಮೊದಲು ಆ ಬದಿಯ ಗಂಟೆಗಳು ನುಡಿದು, ಬಳಿಕ ನಾದ ನಮ್ಮನ್ನು ದಾಟಿ ಮೇಲಕ್ಕೆ ಹೋಗುತ್ತಿತ್ತು. ಕಣ್ಣು ಮುಚ್ಚಿ ನಿಂತರೆ ಇಳಿಜಾರಿನ ಅಗಲವನ್ನೂ ಎತ್ತರವನ್ನೂ ಕಿವಿಯಿಂದಲೇ ಅಳೆಯಬಹುದು. ಹಲವರು ಎರಡು ಫೋಟೊ ತೆಗೆದು ಇಳಿದುಬಿಡುತ್ತಿದ್ದರು. ಗಾಳಿ ಒಮ್ಮೆ ಪೂರ್ತಿ ನಿಂತು ಮತ್ತೆ ಏಳುವವರೆಗಾದರೂ ಇಲ್ಲಿ ಕಾಯಬೇಕು.

ಅದೇ ಕಲಾವಿದನ ‘ಹೃದಯಗಳ ದಾಖಲೆಮನೆ’ ಕೆಳಗಿನ ಕಡಲತೀರದಲ್ಲಿದೆ. ಕತ್ತಲ ಕೋಣೆಯಲ್ಲಿ ಅಪರಿಚಿತರ ಎದೆಬಡಿತಗಳು ಧ್ವನಿವರ್ಧಕದಲ್ಲಿ ಮೊಳಗುತ್ತವೆ, ಒಂಟಿ ಬಲ್ಬು ಅದಕ್ಕೆ ತಕ್ಕಂತೆ ಮಿನುಗುತ್ತದೆ. ನನಗೇಕೋ ಅದು ತುಸು ನಾಟಕೀಯವೆನಿಸಿತು. ಗಾಳಿಗೆ ಬಿಟ್ಟುಕೊಟ್ಟದ್ದರಲ್ಲಿದ್ದ ಸಹಜತೆ ಅಲ್ಲಿರಲಿಲ್ಲ.

ಕರಾಟೊದಿಂದ ಪಕ್ಕದ ಶೋಡೊಶಿಮಾಕ್ಕೆ ಹಡಗಿನಲ್ಲಿ ಸುಮಾರು ಅರ್ಧ ಗಂಟೆಯ ಹಾದಿ. ನಾವು ಉಳಿದುಕೊಂಡ ಮನೆಯ ಒಡತಿ, ಅಕ್ಟೋಬರ್ 16ರಂದು ಇಕೆಡಾದ ಕಮೆಯಾಮಾ ಹಚಿಮನ್ ದೇಗುಲದಲ್ಲಿ ಭೇರಿಗಳ ಹಬ್ಬವಿದೆ, ಅದನ್ನು ಬಿಟ್ಟು ಹೋಗಬೇಡಿ ಎಂದರು. ಟೈಕೊ, ಅಂದರೆ ಜಪಾನಿನ ಭೇರಿ, ಎಂದರೆ ಅಲ್ಲಿಯವರೆಗೆ ನನಗೆ ಗೊತ್ತಿದ್ದುದು ವೇದಿಕೆಯ ಮೇಲೆ ಹತ್ತಾರು ಜನ ಸಾಲಾಗಿ ನಿಂತು ಒಂದೇ ಏಟಿಗೆ ಬಾರಿಸುವ ಪ್ರದರ್ಶನ. ಪುರಾತನವೆಂದು ತೋರುವ ಆ ತಂಡವಾದನ ರೂಪುಗೊಂಡದ್ದು ಎರಡನೇ ಮಹಾಯುದ್ಧದ ನಂತರ. 1951ರಲ್ಲಿ ನಾಗಾನೊ ಪ್ರಾಂತ್ಯದ ಜಾಝ್ ಡ್ರಮ್ ವಾದಕ ಒಗುಚಿ ದೈಹಾಚಿ ಬೇರೆ ಬೇರೆ ಗಾತ್ರದ ಭೇರಿಗಳನ್ನು ಒಟ್ಟುಗೂಡಿಸಿ ಅದಕ್ಕೆ ದಾರಿ ಹಾಕಿದವರು. ದೇಗುಲಗಳ ಭೇರಿ ಅದಕ್ಕಿಂತ ಬಹಳ ಹಳೆಯದು.

ಇಕೆಡಾದಲ್ಲಿ ಕಡಲಿಗೆ ಮುಖಮಾಡಿದ ಬಯಲಿನ ಅಂಚಿಗೆ, ಎಡೊ ಕಾಲದಲ್ಲಿ (17–19ನೇ ಶತಮಾನ) ಕಲ್ಲು ಪೇರಿಸಿ ಕಟ್ಟಿದ ಮೆಟ್ಟಿಲು ಮೆಟ್ಟಿಲಾದ ಪ್ರೇಕ್ಷಕರ ಕಟ್ಟೆಯಿದೆ. ಅಲ್ಲಿ ಕುಳಿತ ನಮಗೆ ಭೇರಿಯ ಸದ್ದು ಮೊದಲು ಮನೆಗಳ ಹಿಂದಿನಿಂದ ಕೇಳಿತು. ಯಾವ ಓಣಿಯಿಂದ ಬರುತ್ತಿದೆಯೆಂದು ಸುತ್ತಲಿನವರೆಲ್ಲ ಕತ್ತು ಹೊರಳಿಸಿದರು. ಬಂದದ್ದು ಹೆಗಲ ಮೇಲೆ ಹೊತ್ತು ತರುವ ಮರದ ದೊಡ್ಡ ಅಡ್ಡೆ. ಅದರ ಮೇಲೆ ಒಂದರ ಮೇಲೊಂದು ಪೇರಿಸಿದ ಕೆಂಪು ಹಾಸಿಗೆಗಳು, ಅವುಗಳ ಕೆಳಗೆ ಭೇರಿ, ಭೇರಿಯ ಸುತ್ತ ಮುಖಕ್ಕೆ ಬಣ್ಣ ಬಳಿದುಕೊಂಡು ಕುಳಿತು ಬಾರಿಸುವ ಮಕ್ಕಳು. ನಮ್ಮಲ್ಲಿ ಡೊಳ್ಳನ್ನು ಬಾರಿಸುವವನೇ ಕೊರಳಿಗೆ ಹಾಕಿಕೊಂಡು ಕುಣಿಯುತ್ತಾನೆ. ಇಲ್ಲಿ ಊರಿನ ಗಂಡಸರು ಭೇರಿಯನ್ನೂ ಬಾರಿಸುವವರನ್ನೂ ಒಟ್ಟಿಗೆ ಹೊತ್ತು, ಬಯಲಿನ ನಡುವೆ ಅಡ್ಡೆಯನ್ನು ಎಡಬಲಕ್ಕೆ ವಾಲಿಸುತ್ತಾರೆ. ಅಷ್ಟಾದರೂ ಮಕ್ಕಳ ಕೋಲು ನಿಲ್ಲುವುದಿಲ್ಲ. ಅಡ್ಡೆ ನಮ್ಮತ್ತ ವಾಲಿದಾಗ ಸದ್ದು ಎದೆಗೆ ಗುದ್ದುತ್ತಿತ್ತು, ಅತ್ತ ವಾಲಿದಾಗ ಮಂಕಾಗುತ್ತಿತ್ತು.

ಒಂದೊಂದು ಕೇರಿಯ ಅಡ್ಡೆ ಬಂದಂತೆಲ್ಲ ಬಡಿತಗಳು ಒಂದರ ಮೇಲೊಂದು ಬಿದ್ದವು. ಅವನ್ನು ಹೊಂದಿಸಲು ಯಾರೂ ಯತ್ನಿಸಲಿಲ್ಲ. ಕಾಡಿನಲ್ಲಿ ಗಾಳಿಯ ಹಿಂದೆ ಹೋಗಲು ಕಲಿತಿದ್ದ ಕಿವಿಗೆ ಇಲ್ಲಿಯೂ ಅದೇ ಕೆಲಸ ಸಿಕ್ಕಿತು: ಹತ್ತಿರದ ಭೇರಿ ಯಾವುದು, ತಿರುವಿನಲ್ಲಿರುವುದು ಯಾವುದು, ಬೆಟ್ಟಕ್ಕೆ ತಾಗಿ ಮರಳಿದ್ದು ಯಾವುದು ಎಂದು ಬಿಡಿಸಿಕೊಳ್ಳುತ್ತ ಕುಳಿತೆ. ಕಲಾ ಉತ್ಸವಕ್ಕೆ ಮೂರು ವರ್ಷ ಕಾಯಬೇಕು, ಈ ಹಬ್ಬ ಪ್ರತಿವರ್ಷವೂ ಇದೆ. ಹೋಗುವವರು ಕಟ್ಟೆಯ ಮೇಲಿನ ಸಾಲುಗಳಲ್ಲಿ ಕೂರುವುದು ಒಳ್ಳೆಯದು, ಓಣಿಗಳ ಸದ್ದು ಅಲ್ಲಿಗೆ ಚೆನ್ನಾಗಿ ಏರಿಬರುತ್ತದೆ.