ಸೈಟಿನ ಅಗಲ

ಲೇಔಟ್ ನಕ್ಷೆ ಬರೆಯುವುದು ನನ್ನ ಕೆಲಸ. ಶುರುವಿನಲ್ಲಿ ನನಗೆ ಚೌಕದ ಸೈಟೆಂದರೆ ಬಲು ಇಷ್ಟ. ಕಾಗದದ ಮೇಲೆ ನೋಡೋಕೆ ಚೆಂದ, ಅಷ್ಟೇ ಕಾರಣ.

ಒಮ್ಮೆ ಬೆಳೆಯುತ್ತಿರುವ ನಗರದ ಅಂಚಿನಲ್ಲಿ, ಕಡಿಮೆ ಆದಾಯದವರಿಗಾಗಿ 300 ಸೈಟು ಹಾಕಬೇಕಿತ್ತು. ಸೈಟು, ರಸ್ತೆ, ನೀರು, ಚರಂಡಿ ನಮ್ಮದು. ಮನೆ ಅವರವರೇ ಕೈಲಾದಂತೆ ಕಟ್ಟಿಕೊಳ್ಳಬೇಕು. ಇದೇನು ಹೊಸದಲ್ಲ, 1972ರಲ್ಲೇ ವಿಶ್ವ ಬ್ಯಾಂಕ್ ಸೆನೆಗಲ್‌ನಲ್ಲಿ ಇಂಥ ಯೋಜನೆಗೆ ಸಾಲ ಕೊಟ್ಟಿತ್ತು. ನಾನು 9 ಮೀಟರ್ ಅಗಲ, 9 ಮೀಟರ್ ಉದ್ದದ ಸೈಟು ಬರೆದೆ. ಖರ್ಚಿನ ಅಂದಾಜು ಬಂತು. ಪಟ್ಟಿಯಲ್ಲಿದ್ದ ಅರ್ಧ ಜನಕ್ಕೆ ಎಟುಕುವ ಬೆಲೆ ಅದಾಗಿರಲಿಲ್ಲ. ಜಾಗವೇ ದುಬಾರಿ, ನಾವೇನು ಮಾಡೋದು ಅಂದುಬಿಟ್ಟೆ.

ಹಿರಿಯ ಇಂಜಿನಿಯರ್ ಪೆನ್ಸಿಲ್ ತಗೊಂಡು ಪಕ್ಕದಲ್ಲೇ ಇನ್ನೊಂದು ಸೈಟು ಗೀಚಿದರು. 6 ಮೀಟರ್ ಅಗಲ, ಹದಿಮೂರೂವರೆ ಉದ್ದ. ಜಾಗ ಅದೇ 81 ಚದರ ಮೀಟರ್. "ಈಗ ರಸ್ತೆ ಲೆಕ್ಕ ಹಾಕು" ಅಂದರು.

ಸೈಟಿನ ಅಗಲದ ಬದಿಯೇ ರಸ್ತೆಗೆ ತಾಗೋದು, ರಸ್ತೆಯ ಒಂದೊಂದು ಬದಿಗೆ 150 ಸೈಟು. ನನ್ನ ನಕ್ಷೆಗೆ 1350 ಮೀಟರ್ ರಸ್ತೆ ಬೇಕು, ಅವರದಕ್ಕೆ 900 ಸಾಕು. ಅಂದರೆ 450 ಮೀಟರ್ ರಸ್ತೆ, ಅಷ್ಟೇ ಉದ್ದದ ಪೈಪು, ಎರಡೂ ಬದಿಯ ಚರಂಡಿ, ದೀಪದ ಕಂಬ ಎಲ್ಲಾ ಉಳೀತು. ರಸ್ತೆ 9 ಮೀಟರ್ ಅಗಲದ್ದು, ಹಾಗಾಗಿ 4050 ಚದರ ಮೀಟರ್ ಜಾಗವೂ ಉಳೀತು. ಬರೀ ಭಾಗಾಕಾರದಲ್ಲಿ ಅದು 50 ಸೈಟು. ಅವಕ್ಕೂ ರಸ್ತೆ ಬೇಕಲ್ವಾ, ಪೂರ್ತಿ 50 ಸಿಗಲ್ಲ ಬಿಡಿ. ಆದರೂ ನನ್ನ ಚೆಂದದ ಚೌಕ ಎಷ್ಟು ಮನೆಯವರನ್ನು ಹೊರಗಿಟ್ಟಿತ್ತು ಅಂತ ಗೊತ್ತಾಯ್ತು. ನ್ಯೂಯಾರ್ಕ್‌ನ ಹಳೇ ಸೈಟುಗಳು 25 ಅಡಿ ಅಗಲ, 100 ಅಡಿ ಉದ್ದ ಇರೋದನ್ನು ಓದಿದ್ದೆ. ಯಾಕೆ ಅಂತ ಮಾತ್ರ ಯೋಚಿಸಿರಲಿಲ್ಲ.

ಮುಂದಿನ ಯೋಜನೆಯಲ್ಲಿ ಹುರುಪು ಜಾಸ್ತಿಯಾಗಿ ಅಗಲವನ್ನು 4 ಮೀಟರಿಗೆ ಇಳಿಸಿದೆ. ಖರ್ಚು ಇನ್ನೂ ಇಳಿಯಿತು, ಎಲ್ಲರೂ ಹೊಗಳಿದರು. ಎರಡು ವರ್ಷದ ಮೇಲೆ ಅಲ್ಲಿಗೆ ಹೋದೆ. ಅಕ್ಕಪಕ್ಕದ ಗೋಡೆಗಳು ಅಂಟಿಕೊಂಡಿದ್ದವು. ಒಂದು ಮನೆಯ ನಡುಕೋಣೆಯಲ್ಲಿ ಮಟಮಟ ಮಧ್ಯಾಹ್ನವೂ ಲೈಟು ಉರೀತಿತ್ತು. ಸುಮ್ನೆ ಯಾಕೆ ಹಾಕಿದ್ದೀರಿ ಅಂತ ಕೇಳಿದೆ. ಮನೆಯಾಕೆ ಮಾತಾಡದೆ ಸ್ವಿಚ್ ಆರಿಸಿದರು. ಕೈಯಲ್ಲಿದ್ದ ನಕ್ಷೆಯೂ ನನಗೆ ಕಾಣಲಿಲ್ಲ.