ಹರಿಯಲೇಬೇಕಾದ ಹಗ್ಗ

ಥರ್ಡ್ ಆಫೀಸರ್ ಆಗಿ ನಾನು ಹತ್ತಿದ ಮೊದಲ ಹಡಗು. ಮೂರನೇ ದಿನ ಕೈಯಲ್ಲೊಂದು ಪಟ್ಟಿ ಹಿಡಿದು ಡೆಕ್ ಸುತ್ತುತ್ತಿದ್ದೆ. ಎಡಬದಿಯ ಲೈಫ್‌ರಾಫ್ಟ್ ಹತ್ತಿರ ಬಂದಾಗ ಕಾಲು ನಿಂತಿತು. ರಾಫ್ಟ್‌ನಿಂದ ಹೊರಗೆ ಬರುವ ಹಗ್ಗವನ್ನು ಯಾರೋ ರೇಲಿಂಗಿಗೆ ಕಟ್ಟಿದ್ದರು. ಸುಮ್ನೆ ಕಟ್ಟಿರಲಿಲ್ಲ. ಮೂರು ಸುತ್ತು ಸುತ್ತಿ, ಗಂಟು ಬಿಗಿದು, ತುದಿ ಜಾರದ ಹಾಗೆ ಟೇಪ್ ಬೇರೆ ಸುತ್ತಿದ್ದರು. ಕೆಲಸ ಬಲ್ಲವರ ಕೈ ಅನ್ನೋದು ನೋಡಿದ ಕೂಡಲೇ ಗೊತ್ತಾಗುತ್ತಿತ್ತು. ನನಗೆ ಮಾತ್ರ ಬೆವರು ಬಂತು.

ಬೆವರು ಯಾಕೆ ಬಂತು ಅಂತ ಹೇಳುವ ಮೊದಲು ಒಂದು ಪ್ರಶ್ನೆ. ಹಡಗಿನ ಕೆಲಸ ಅಂದ ಕೂಡಲೇ ಜನ ನನ್ನನ್ನು ಕೇಳೋದು ಇದನ್ನೇ: "ಹಡಗು ಮುಳುಗಿದರೆ ಲೈಫ್‌ಬೋಟ್ ತಾನಾಗೇ ಬಿಚ್ಚಿಕೊಳ್ಳುತ್ತೆ ಅಲ್ವಾ?"

ಸಾಮಾನ್ಯವಾಗಿ ಇಲ್ಲ. ಡೇವಿಟ್‌ನಲ್ಲಿ (ಬೋಟ್ ಇಳಿಸುವ ಕ್ರೇನಿನಂಥ ತೋಳು) ತೂಗುವ ಲೈಫ್‌ಬೋಟ್ ತಾನಾಗಿ ಇಳಿಯುವುದಿಲ್ಲ. ಅದನ್ನು ಜನ ಇಳಿಸಬೇಕು. ತಾನಾಗಿ ಬಿಚ್ಚಿಕೊಳ್ಳುವುದು ಲೈಫ್‌ರಾಫ್ಟ್. ಡೆಕ್ ಅಂಚಿನಲ್ಲಿ ತೊಟ್ಟಿಲಿನಂಥ ಚೌಕಟ್ಟಿನ ಮೇಲೆ ಬಿಳಿ ಪೀಪಾಯಿ ಮಲಗಿಸಿದ ಹಾಗೆ ಇರುತ್ತದಲ್ಲ, ಅದು. ಒಳಗೆ ಮಡಚಿಟ್ಟ ರಬ್ಬರ್ ತೆಪ್ಪ, ಅದನ್ನು ಊದಿಸಲು ಒಂದು ಗ್ಯಾಸ್ ಸಿಲಿಂಡರ್, ಸ್ವಲ್ಪ ನೀರು, ತಿನ್ನೋಕೆ ಒಂದಿಷ್ಟು, ಪಟಾಕಿಯಂಥ ಸಿಗ್ನಲ್‌ಗಳು.

ಬೋಟ್ ಇಳಿಸೋಕೆ ಸಮಯ ಬೇಕು, ಹಡಗು ಸ್ವಲ್ಪವಾದರೂ ನೆಟ್ಟಗಿರಬೇಕು. 20 ಡಿಗ್ರಿ ವಾಲಿದರೂ ಇಳಿಸಲು ಆಗಬೇಕು ಅನ್ನುತ್ತದೆ ನಿಯಮ. ಸಮುದ್ರ ನಿಯಮ ಓದುವುದಿಲ್ಲ. 1915ರಲ್ಲಿ ಲೂಸಿಟಾನಿಯಾ ಅನ್ನೋ ಬ್ರಿಟಿಷ್ ಪ್ರಯಾಣಿಕರ ಹಡಗು ಟಾರ್ಪೆಡೊ ತಿಂದು 18 ನಿಮಿಷದಲ್ಲಿ ಮುಳುಗಿತು. ಅದರಲ್ಲಿ 48 ಬೋಟುಗಳಿದ್ದವು. ಸರಿಯಾಗಿ ನೀರಿಗಿಳಿದದ್ದು 6. ಹಡಗು ಬಲಕ್ಕೆ ವಾಲಿದ್ದರಿಂದ ಒಂದು ಬದಿಯ ಬೋಟುಗಳು ಕೈಗೆ ಸಿಗದಷ್ಟು ದೂರ ತೂಗಾಡಿದವು, ಇನ್ನೊಂದು ಬದಿಯವು ಹಡಗಿನ ಮೈಗೇ ಉಜ್ಜಿಕೊಂಡವು.

ಟೈಟಾನಿಕ್‌ನಲ್ಲಿ ಬೋಟ್ ಕಡಿಮೆ ಇದ್ದವು ಅನ್ನೋದು ಎಲ್ಲರಿಗೂ ಗೊತ್ತು. 20 ಬೋಟು, 1178 ಜನಕ್ಕೆ ಜಾಗ, ಹಡಗಿನಲ್ಲಿ 2200ರ ಆಸುಪಾಸು ಜನ. ನನಗೆ ಅದಕ್ಕಿಂತ ಕುತೂಹಲ ಕೊನೆಯ ಎರಡು ಮಡಚುವ ಬೋಟುಗಳ ಬಗ್ಗೆ. ಅವನ್ನು ಅಧಿಕಾರಿಗಳ ಕೋಣೆಗಳ ಚಾವಣಿ ಮೇಲೆ ಇಟ್ಟಿದ್ದರು. ಇಳಿಸಲು ಸಮಯ ಸಿಗಲೇ ಇಲ್ಲ. ನೀರೇ ಮೇಲೆ ಬಂದು ಅವನ್ನು ಎತ್ತಿಕೊಂಡು ಹೋಯಿತು. ಒಂದು ಮಗುಚಿಕೊಂಡೇ ತೇಲಿತು. ಸುಮಾರು 30 ಮಂದಿ ಅದರ ಬೆನ್ನ ಮೇಲೆ ನಿಂತು ರಾತ್ರಿ ಕಳೆದು ಬದುಕಿಕೊಂಡರು. ಯಾರೂ ಇಳಿಸದ ಬೋಟು ಅದು. ಇವತ್ತು ರಾಫ್ಟ್ ವಿಷಯದಲ್ಲಿ ನಾವು ಬೇಕಂತಲೇ ಮಾಡಿಸುವ ಕೆಲಸವನ್ನು ಅವತ್ತು ಸಮುದ್ರ ತಪ್ಪಿ ಮಾಡಿಬಿಟ್ಟಿತ್ತು.

ಈಗ ಆ ಕೆಲಸ ಮಾಡುವುದು ಮುಷ್ಟಿಗಿಂತ ಸ್ವಲ್ಪ ದೊಡ್ಡದಾದ ಒಂದು ಪ್ಲಾಸ್ಟಿಕ್ ಡಬ್ಬಿ. ಹೈಡ್ರೋಸ್ಟಾಟಿಕ್ ರಿಲೀಸ್ ಯೂನಿಟ್ ಅಂತ ಪೂರ್ತಿ ಹೆಸರು. ಹಡಗಿನಲ್ಲಿ ಎಲ್ಲರಿಗೂ ಎಚ್‌ಆರ್‌ಯು. ಅದರ ನಡುವೆ ಒಂದು ಬಿಳಿ ಹಗ್ಗ ಹಾದುಹೋಗುತ್ತದೆ. ರಾಫ್ಟನ್ನು ತೊಟ್ಟಿಲಿಗೆ ಬಿಗಿದಿಡುವ ಪಟ್ಟಿ ಕೊನೆಗೆ ನಿಂತಿರೋದು ಈ ಬಿಳಿ ಹಗ್ಗದ ಮೇಲೆ. ಡಬ್ಬಿಯೊಳಗೆ ಒಂದು ತೆಳು ಪೊರೆ, ಅದರ ಹಿಂದೆ ಸ್ಪ್ರಿಂಗ್, ಸ್ಪ್ರಿಂಗಿಗೆ ಒಂದು ಚಾಕು. ಡಬ್ಬಿ ನೀರಿನಲ್ಲಿ ಒಂದೂವರೆಯಿಂದ 4 ಮೀಟರ್ ಆಳಕ್ಕೆ ಹೋದಾಗ ನೀರಿನ ಒತ್ತಡ ಪೊರೆಯನ್ನು ಒಳಕ್ಕೆ ತಳ್ಳುತ್ತದೆ. ಸ್ಪ್ರಿಂಗ್ ಬಿಡುತ್ತದೆ, ಚಾಕು ಬಿಳಿ ಹಗ್ಗವನ್ನು ಕತ್ತರಿಸುತ್ತದೆ. ಅಷ್ಟೇ. ಕರೆಂಟ್ ಇಲ್ಲ, ಬ್ಯಾಟರಿ ಇಲ್ಲ. ಡೆಕ್ ಮೇಲೆ ಅಲೆ ಹೊಡೆದರೆ, ಮಳೆ ಸುರಿದರೆ ಅದು ಅಲ್ಲಾಡಬಾರದು. ಹಡಗು ನಿಜವಾಗಿ ಕೆಳಗೆ ಹೋಗುತ್ತಿದ್ದಾಗ ಮಾತ್ರ ಕೆಲಸ ಮಾಡಬೇಕು.

ಇನ್ನೊಂದು ಹಗ್ಗವಿದೆ. ಹೆಸರು ಪೇಂಟರ್. ಬಣ್ಣ ಬಳಿಯುವವನಲ್ಲ. (ಬಣ್ಣ ಬಳಿಯುವವರ ಮೇಲೂ ನನಗೆ ಸಿಟ್ಟಿದೆ. ಎಚ್‌ಆರ್‌ಯು ಮೇಲೆ ಬ್ರಷ್ ಆಡಿಸಿ ಅವಧಿ ಮುಗಿಯುವ ತಿಂಗಳು, ವರ್ಷದ ಗುರುತನ್ನೇ ಮುಚ್ಚಿಬಿಡುತ್ತಾರೆ.) ಈ ಪೇಂಟರ್‌ನ ಒಂದು ತುದಿ ರಾಫ್ಟ್‌ನ ಗ್ಯಾಸ್ ಸಿಲಿಂಡರ್‌ಗೆ, ಇನ್ನೊಂದು ಹಡಗಿಗೆ. ರಾಫ್ಟ್ ಇಟ್ಟ ಜಾಗ ಸರಕಿಲ್ಲದೆ ಹಗುರವಾಗಿ ತೇಲುವಾಗಿನ ನೀರಿನ ಮಟ್ಟದಿಂದ 12 ಮೀಟರ್ ಮೇಲಿದ್ದರೆ ಪೇಂಟರ್ ಕನಿಷ್ಠ 22 ಮೀಟರ್ ಉದ್ದ ಇರಬೇಕು. ಲೆಕ್ಕ ಸುಲಭ: ಎತ್ತರಕ್ಕೆ 10 ಮೀಟರ್ ಸೇರಿಸಿ. ಎಷ್ಟೇ ಕಡಿಮೆ ಬಂದರೂ 15ಕ್ಕಿಂತ ಕೆಳಗೆ ಇಳಿಯುವಂತಿಲ್ಲ.

ಚಾಕು ಬಿಳಿ ಹಗ್ಗ ಕತ್ತರಿಸಿದ ಮೇಲೆ ಪೀಪಾಯಿ ಮೇಲಕ್ಕೆ ತೇಲುತ್ತದೆ, ಹಡಗು ಕೆಳಗೆ ಹೋಗುತ್ತಲೇ ಇರುತ್ತದೆ. ಪೇಂಟರ್ ಬಿಚ್ಚಿಕೊಳ್ಳುತ್ತಾ ಹೋಗಿ ಕೊನೆಗೆ ಬಿಗಿಯಾಗುತ್ತದೆ. ಮುಳುಗುವ ಹಡಗೇ ಅದನ್ನು ಜಗ್ಗುತ್ತದೆ, ಸಿಲಿಂಡರ್ ಬಾಯಿ ಬಿಡುತ್ತದೆ, ಪೀಪಾಯಿ ಒಡೆದು ತೆಪ್ಪ ಊದಿಕೊಳ್ಳುತ್ತದೆ. ಸಾಮಾನ್ಯ ತಾಪಮಾನದಲ್ಲಿ ಒಂದು ನಿಮಿಷದೊಳಗೆ ಊದಬೇಕು, ಮೈನಸ್ 30 ಡಿಗ್ರಿಯಲ್ಲೂ ಮೂರು ನಿಮಿಷ ಮೀರಬಾರದು.

ಸರಿ, ತೆಪ್ಪ ಊದಿತು. ಆದರೆ ಅದು ಇನ್ನೂ ಮುಳುಗುತ್ತಿರುವ ಹಡಗಿಗೆ ಕಟ್ಟಿಕೊಂಡೇ ಇದೆ. ಈಗ ಬೇಕಾಗೋದು ವೀಕ್ ಲಿಂಕ್. ಪೇಂಟರ್ ಮತ್ತು ಹಡಗಿನ ನಡುವೆ ಇರುವ ಕೆಂಪು ಹಗ್ಗದ ಚಿಕ್ಕ ತುಂಡು. ಸುಮಾರು 220 ಕಿಲೋ ಎಳೆತಕ್ಕೆ ಅದು ಹರಿಯಬೇಕು. ಪೇಂಟರ್ ಮಾತ್ರ ಗಟ್ಟಿ. 9ರಿಂದ 25 ಜನರ ರಾಫ್ಟ್ ಆದರೆ ಒಂದು ಟನ್ ಎಳೆತ ತಾಳಬೇಕು, ಅದಕ್ಕಿಂತ ದೊಡ್ಡದಾದರೆ ಒಂದೂವರೆ ಟನ್. ಜಗ್ಗಿದಾಗ ಕೆಂಪು ತುಂಡು ಹರಿಯುತ್ತದೆ, ರಾಫ್ಟ್ ಬಿಡುಗಡೆಯಾಗುತ್ತದೆ.

ನಮ್ಮ ರೇಲಿಂಗಿನ ಗಂಟು ಈ ಕೆಂಪು ತುಂಡನ್ನು ಬಿಟ್ಟು ಕಟ್ಟಿದ್ದು. ಅಂದರೆ ಚಾಕು ತನ್ನ ಕೆಲಸ ಮಾಡುತ್ತಿತ್ತು, ರಾಫ್ಟ್ ಚೆನ್ನಾಗಿ ಊದಿಕೊಳ್ಳುತ್ತಿತ್ತು, ಆಮೇಲೆ ಹಡಗಿನ ಜೊತೆ ಕೆಳಗೆ ಹೋಗುತ್ತಿತ್ತು. ಇಲ್ಲವೇ ಎಳೆತಕ್ಕೆ ಹರಿದುಹೋಗುತ್ತಿತ್ತು.

ಕಟ್ಟಿದ್ದು ಯಾರು ಅಂತ ಹುಡುಕೋದು ಕಷ್ಟವಾಗಲಿಲ್ಲ. ಬೋಸನ್, ಅಂದರೆ ಡೆಕ್ ಕೆಲಸಗಾರರ ಮುಖ್ಯಸ್ಥ, ತಾನೇ ಒಪ್ಪಿಕೊಂಡರು. ನಾನು ಹುಟ್ಟುವ ಮೊದಲೇ ಹಡಗು ಹತ್ತಿದ್ದ ಮನುಷ್ಯ. ಕೆಂಪು ತುಂಡನ್ನು ಎರಡು ಬೆರಳಲ್ಲಿ ಹಿಡಿದು ತೋರಿಸಿದರು. "ಇದನ್ನ ನಂಬಿ ರಾಫ್ಟ್ ಬಿಡೋಕಾಗುತ್ತಾ? ಬಿರುಗಾಳಿಯಲ್ಲಿ ನಾವೇ ರಾಫ್ಟ್ ಎಸೆದೆವು ಅಂತಿಟ್ಟುಕೋ. ಇದು ಪಟ್ ಅಂದರೆ ರಾಫ್ಟ್ ಆ ಕಡೆ, ನಾವು ಈ ಕಡೆ."

ಮಾತಿನಲ್ಲಿ ಸುಳ್ಳಿರಲಿಲ್ಲ. ಕೈಯಾರೆ ರಾಫ್ಟ್ ಎಸೆಯುವ ಹೊತ್ತಿಗೆ ಪೇಂಟರನ್ನು ಗಟ್ಟಿಯಾದ ಜಾಗಕ್ಕೆ ಕಟ್ಟೋದು ಸರಿಯೇ, ಜನ ಹತ್ತುವ ತನಕ ಅದು ಪಕ್ಕದಲ್ಲಿ ನಿಲ್ಲಬೇಕಲ್ಲ. ಅದನ್ನು ಆ ಹೊತ್ತಿಗೆ ಮಾಡಬೇಕು. ಮೊದಲೇ ಕಟ್ಟಿ ಇಟ್ಟರೆ, ಎಸೆಯಲು ಯಾರೂ ಇಲ್ಲದ ದಿನ ಅದೇ ಗಂಟು ಕೊಲ್ಲುತ್ತದೆ. ಜೀವಮಾನವೆಲ್ಲ ಬಿಗಿಯಾಗಿ ಕಟ್ಟಿ ಬದುಕಿದ ಕೈಗೆ, ಹರಿಯೋದೇ ಈ ಹಗ್ಗದ ಕೆಲಸ ಅಂತ ಹೇಳಿದರೆ ಹೇಗೆ ಒಪ್ಪೀತು?

ನನ್ನ ಅದೃಷ್ಟಕ್ಕೆ ಅದೇ ವಾರ ಎಚ್‌ಆರ್‌ಯು ಬದಲಾಯಿಸಬೇಕಿತ್ತು. ಒಮ್ಮೆ ಬಳಸಿ ಬಿಸಾಡುವ ನಮೂನೆಯದು, ಕೂರಿಸಿದ ಮೇಲೆ ಎರಡು ವರ್ಷ ಮಾತ್ರ ಆಯಸ್ಸು. ಹಳೆಯದನ್ನು ಬಿಸಾಡದೆ ಇಟ್ಟುಕೊಂಡೆ. ಹಡಗು ಲಂಗರು ಹಾಕಿ ಸುಮ್ನೆ ನಿಂತಿದ್ದ ಒಂದು ಸಂಜೆ ಬೋಸನ್ನನ್ನು ಕರೆದೆ. ಡಬ್ಬಿಗೆ ಒಂದು ಉದ್ದ ಹಗ್ಗ ಕಟ್ಟಿದೆ. ಅದರ ಬಿಳಿ ಕುಣಿಕೆಗೆ ದೊಡ್ಡ ಶ್ಯಾಕಲ್ (ಯು ಆಕಾರದ ಕಬ್ಬಿಣದ ಕೊಂಡಿ) ಒಂದನ್ನು ತೂಗುಹಾಕಿದೆ. ಶ್ಯಾಕಲ್ ಕಳೆದುಹೋದರೆ ಚೀಫ್ ಆಫೀಸರ್ ಬಿಡೋದಿಲ್ಲ, ಹಾಗಾಗಿ ಅದಕ್ಕೆ ಬೇರೆ ಒಂದು ಸಡಿಲ ದಾರ. ಡಬ್ಬಿಯ ಹಗ್ಗಕ್ಕೆ ಮೀಟರಿಗೊಂದು ಟೇಪ್ ಗುರುತು ಹಾಕಿ ಬೋಸನ್ ಕೈಗೆ ಕೊಟ್ಟೆ.

ಹಡಗಿನ ಬದಿಯ ಪೈಲಟ್ ಏಣಿ ಹತ್ತಿರ ನಿಂತು ಇಳಿಬಿಟ್ಟರು. ಡಬ್ಬಿ ಮುಳುಗಿತು. ಮೊದಲ ಗುರುತು ನೀರಿಗೆ ಹೋಯಿತು. ಏನೂ ಇಲ್ಲ. ಎರಡನೆಯದೂ ಹೋಯಿತು. ಬೋಸನ್ ನನ್ನ ಮುಖ ನೋಡಿದರು. ಎರಡು ವರ್ಷ ಉಪ್ಪು ಗಾಳಿ ತಿಂದ ಡಬ್ಬಿ, ನನಗೂ ಒಳಗೊಳಗೆ ಅಳುಕು. ಇನ್ನೊಂದು ಗೇಣು ಬಿಟ್ಟರೋ ಇಲ್ಲವೋ, ಅವರ ಕೈ ಮೇಲಕ್ಕೆ ಹಾರಿತು. ಸದ್ದು ಏನೂ ಬರಲಿಲ್ಲ. ಹಗ್ಗ ಹಗುರವಾಯಿತು, ಅಷ್ಟೇ. ದೊಡ್ಡ ಮೀನು ಕಚ್ಚಿ ಬಿಟ್ಟುಹೋದ ಹಾಗೆ. ಎಳೆದು ನೋಡಿದರೆ ಬಿಳಿ ಹಗ್ಗ ಬ್ಲೇಡಿನಲ್ಲಿ ಕೊಯ್ದ ಹಾಗೆ ನೀಟಾಗಿ ತುಂಡಾಗಿತ್ತು. ಬೋಸನ್ ಆ ತುದಿಯ ಮೇಲೆ ಹೆಬ್ಬೆರಳು ಸವರುತ್ತಾ ಬಹಳ ಹೊತ್ತು ನಿಂತರು. ಆಮೇಲೆ ಹೋಗಿ ರೇಲಿಂಗಿನ ಟೇಪನ್ನು ತಾವೇ ಕೊಯ್ದರು.

ಹಾಗಂತ ಈ ಡಬ್ಬಿ ಎಲ್ಲಕ್ಕೂ ಮದ್ದಲ್ಲ. ಹಡಗು ಆಳವಿಲ್ಲದ ಕಡೆ ಅಡ್ಡ ಬಿದ್ದು ಕೂತುಬಿಟ್ಟರೆ ಮೇಲಿನ ಬದಿಯ ರಾಫ್ಟ್‌ಗೆ ಒತ್ತಡವೇ ಸಿಗುವುದಿಲ್ಲ. ಪೂರ್ತಿ ಮಗುಚಿದರೆ ರಾಫ್ಟ್ ಡೆಕ್ ಕೆಳಗೆ ಸಿಕ್ಕಿಕೊಳ್ಳಬಹುದು.

ಇದೇ ತತ್ವದ ಮೇಲೆ ಬಿಡಿಸಿಕೊಂಡು ತೇಲುವ ಇನ್ನೊಂದು ಸಾಮಾನು ಎಪರ್ಬ್, 406 ಮೆಗಾಹರ್ಟ್ಸ್‌ನಲ್ಲಿ ಉಪಗ್ರಹಕ್ಕೆ ಕೂಗುವ ಸಣ್ಣ ರೇಡಿಯೋ. ಅದರಲ್ಲಿ ಒಂದು ಫ್ರೆಂಚ್ ಬ್ರ್ಯಾಂಡಿನ ಹೆಸರು ಕನ್ನಡ್. ಮೊದಲ ಸಲ ಬ್ರಿಜ್ (ಹಡಗು ನಡೆಸುವ ಕೋಣೆ) ಪಕ್ಕ ಆ ಹೆಸರು ನೋಡಿದಾಗ ನಾನು ಒಬ್ಬನೇ ನಿಂತು ನಕ್ಕಿದ್ದೆ. 1994ರ ಸೆಪ್ಟೆಂಬರ್ 28ರ ರಾತ್ರಿ ಬಾಲ್ಟಿಕ್‌ನಲ್ಲಿ ಎಸ್ಟೋನಿಯಾ ಅನ್ನೋ ಹಡಗು ಮುಳುಗಿ 852 ಜನ ಸತ್ತಾಗ ಅದರ ಎಪರ್ಬ್‌ಗಳು ಕೂಗಲೇ ಇಲ್ಲ. ಅವುಗಳ ಸ್ವಿಚ್ ಆನ್ ಮಾಡಿರಲಿಲ್ಲ.

ಇನ್ನು ಲೈಫ್‌ಬೋಟನ್ನು ಕೇಬಲ್‌ಗೆ ತೂಗುಹಾಕುವ ಕೊಕ್ಕೆಗಳ ಕಥೆ. ಅದು ಇದರ ತಿರುಗುಮುರುಗು. 1980ರ ಮಾರ್ಚ್ 27ರಂದು ಉತ್ತರ ಸಮುದ್ರದಲ್ಲಿ ಅಲೆಕ್ಸಾಂಡರ್ ಕೀಲ್ಯಾಂಡ್ ಅನ್ನೋ, ತೈಲ ಕೆಲಸಗಾರರು ತಂಗುವ ತೇಲು ವೇದಿಕೆ ಮಗುಚಿತು. 212 ಜನರಲ್ಲಿ 123 ಮಂದಿ ಸತ್ತರು. ಏಳು ಬೋಟುಗಳಲ್ಲಿ ನಾಲ್ಕನ್ನು ಇಳಿಸಿದರು, ಆದರೆ ಕೇಬಲ್‌ನಿಂದ ಬಿಡಿಸಿಕೊಂಡದ್ದು ಒಂದೇ. ಭಾರ ಇರುವಾಗ ಕೊಕ್ಕೆ ಬಿಚ್ಚಬಾರದು ಅಂತ ಮಾಡಿದ್ದರು, ಅಲೆಗಳ ನಡುವೆ ಭಾರ ಹೋಗುವುದೇ ಇಲ್ಲ. ಹಾಗಾಗಿ 1986ರ ಜುಲೈ 1ರ ನಂತರ ಕಟ್ಟಿದ ಹಡಗುಗಳಲ್ಲಿ ಭಾರವಿದ್ದರೂ ಬಿಚ್ಚುವ ಕೊಕ್ಕೆ ಕಡ್ಡಾಯವಾಯಿತು.

ಆಗ ಕೊಕ್ಕೆಗಳು ಬೇಡದ ಹೊತ್ತಿನಲ್ಲಿ ಬಿಚ್ಚಿಕೊಳ್ಳಲು ಶುರುವಾಯಿತು. ಮುಳುಗುವಾಗ ಅಲ್ಲ, ಡ್ರಿಲ್ (ಬೋಟ್ ಇಳಿಸುವ ಅಭ್ಯಾಸ) ಮಾಡುವಾಗ. ಬ್ರಿಟನ್ನಿನ ಸಾಗರ ಅಪಘಾತ ತನಿಖಾ ಶಾಖೆ 2001ರಲ್ಲಿ ತನ್ನ ಹಿಂದಿನ ಹತ್ತು ವರ್ಷದ ಕಡತ ತೆಗೆದು ನೋಡಿತು. ಲೈಫ್‌ಬೋಟ್ ಮತ್ತು ಅದನ್ನು ಇಳಿಸುವ ಸಲಕರಣೆಗಳಿಂದಲೇ 12 ನಾವಿಕರು ಸತ್ತಿದ್ದರು, 87 ಜನಕ್ಕೆ ಪೆಟ್ಟಾಗಿತ್ತು. ಕಡೆಗೆ ಹಳೆಯ ನಮೂನೆಯ ಕೊಕ್ಕೆಗಳನ್ನು ಪರೀಕ್ಷಿಸಿ, ಪಾಸಾಗದವನ್ನು 2019ರ ಜುಲೈ 1ರೊಳಗೆ ಸರಿಪಡಿಸಬೇಕು ಇಲ್ಲವೇ ಬದಲಾಯಿಸಬೇಕು ಅಂತ ನಿಯಮ ಬಂತು.

ಈ ಬೋಟುಗಳಲ್ಲೂ ನೀರಿನ ಒತ್ತಡದ ಒಂದು ಪೊರೆ ಇರುತ್ತದೆ, ಹೊಟ್ಟೆಯ ಕೆಳಗೆ. ಬೋಟ್ ನೀರಿನ ಮೇಲೆ ಕೂತಾಗ ನೀರು ಅದನ್ನು ಮೇಲಕ್ಕೆ ತಳ್ಳುತ್ತದೆ, ಸಾಮಾನ್ಯವಾಗಿ ಆಗಲೇ ಬಿಡಿಸುವ ಕೆಂಪು ಹಿಡಿಕೆಯ ಬೀಗ ಬಿಡುತ್ತದೆ. ರಾಫ್ಟ್‌ನಲ್ಲಿ ಒತ್ತಡ ಬಿಡಿಸುತ್ತದೆ, ಇಲ್ಲಿ ಬಿಡಿಸಲು ಒಪ್ಪಿಗೆ ಕೊಡುತ್ತದೆ. ಡ್ರಿಲ್ ದಿನ ಆ ಹಿಡಿಕೆ ಪಕ್ಕ ಕೂತಾಗ ನಾನು ಎರಡೂ ಕೈಯನ್ನು ತೊಡೆ ಕೆಳಗೆ ಇಟ್ಟುಕೊಳ್ಳುತ್ತಿದ್ದೆ. ತಮಾಷೆ ಅಲ್ಲ. ನೀರಿನಿಂದ ಹದಿನೈದು ಮೀಟರ್ ಮೇಲೆ ತೂಗುತ್ತಿರುವಾಗ ಮನುಷ್ಯನ ಕೈ ಏನು ಮಾಡುತ್ತೆ ಅಂತ ಹೇಳೋಕಾಗಲ್ಲ.

ಇಳಿಬಿಟ್ಟ ಸಂಜೆಯ ಮಾರನೇ ದಿನ ಬೋಸನ್ ತಾವೇ ನನ್ನನ್ನು ಹಡಗಿನ ಮುಂದಿನ ತುದಿಗೆ ಕರೆದುಕೊಂಡು ಹೋದರು. ಅಲ್ಲೊಂದು ಚಿಕ್ಕ ರಾಫ್ಟ್ ಇದೆ. ಉದ್ದದ ಹಡಗಿನಲ್ಲಿ ಮುಂದೆ ಸಿಕ್ಕಿಹಾಕಿಕೊಂಡವರಿಗೆ ಅಂತ ಇಡೋದು.

"ಇದಕ್ಕೆ ಡಬ್ಬಿ ಎಲ್ಲಿ?" ಅಂತ ಕೇಳಿದರು.

"ಇದಕ್ಕಿಲ್ಲ. ಇದನ್ನ ಕೈಯಲ್ಲೇ ಬಿಚ್ಚಿ ಎಸೀಬೇಕು. ನಿಯಮ ಅಷ್ಟಕ್ಕೆ ಬಿಟ್ಟಿದೆ."

ಅವರು ಒಂದು ಸಲ ರಾಫ್ಟ್ ನೋಡಿದರು, ಒಂದು ಸಲ ಅದರ ಮೇಲಿನ ಕಟ್ಟು ನೋಡಿದರು. ಅದೂ ಅವರದೇ ಗಂಟು, ಮೂರು ಸುತ್ತು, ಮೇಲೆ ಟೇಪ್. ಕೂತುಕೊಂಡು ಅದನ್ನು ಪೂರ್ತಿ ಬಿಚ್ಚಿದರು. ಒಂದೇ ಎಳೆತಕ್ಕೆ ಬಿಡುವ ಜಾರುಗಂಟು ಹಾಕಿದರು. ಆಮೇಲೆ ಕೈಗವಸು ಹಾಕಿಕೊಂಡು, ಕಣ್ಣು ಮುಚ್ಚಿಕೊಂಡು, ತುದಿ ಹುಡುಕಿ ಎಳೆದು ನೋಡಿದರು.