ಊರಿಗೆ ಗೊತ್ತಾಗಬಾರದು, ಆದರೆ ಕನ್ನಡದಲ್ಲೇ ಹೇಳಬೇಕು

ಮುಂಬಯಿಯ ನಮ್ಮ ಹೋಟೆಲುಗಳಲ್ಲಿ ಜ್ವರ ಬಂದರೆ ಏನು ಮಾಡಬೇಕು ಅಂತ ಎಲ್ಲರಿಗೂ ಗೊತ್ತು. ಗಲ್ಲಾದಿಂದ ದುಡ್ಡು ತಗೊಂಡು ಪಕ್ಕದ ಗಲ್ಲಿಯ ಡಾಕ್ಟರ ಹತ್ತಿರ ಹೋಗು, ರೂಮಲ್ಲಿ ಮಲಗು. ಕೈ ಸುಟ್ಟರೆ ಮುಲಾಮು. ಕಾಮಾಲೆಯಾದರೆ ಊರಿನ ಬಸ್ಸು. ಆದರೆ ಒಬ್ಬ ಹುಡುಗ ಬಂದು "ಬದುಕೋದೇ ಬೇಡ ಅನ್ನಿಸ್ತಿದೆ" ಅಂದರೆ? ಅದಕ್ಕೆ ನಮ್ಮ ಹತ್ತಿರ ಪದ್ಧತಿಯೇ ಇಲ್ಲ. "ಸುಮ್ನೆ ಏನೇನೋ ಯೋಚನೆ ಮಾಡ್ಬೇಡ, ಹೋಗಿ ಚಾ ಕುಡಿ" ಅಂತೀವಿ.

ನಾನು ಮಾಟುಂಗಾ ಕಡೆಯ ಒಂದು ಹೋಟೆಲಿನಲ್ಲಿ ಕ್ಯಾಶಿಯರ್. ಕುಂದಾಪುರದ ಕಡೆಯವನು. ಹುಡುಗನಾಗಿ ಬಂದು, ಹಗಲು ಟೇಬಲ್ ಒರೆಸಿ, ರಾತ್ರಿ ಶಾಲೆಯಲ್ಲಿ ಕನ್ನಡದಲ್ಲಿ ಓದಿ ಗಲ್ಲಾಕ್ಕೆ ಬಂದವನು. ಈಗ ನಮ್ಮ ಕಡೆಯ ಹುಡುಗರು ಹೋಟೆಲಿಗೆ ಬರುವುದು ಕಡಿಮೆ. ಯಾದಗಿರಿ, ಕಲಬುರಗಿ ಕಡೆಯವರು ಇದ್ದಾರೆ, ಒಡಿಶಾದವರಿದ್ದಾರೆ, ನೇಪಾಳದವರಿದ್ದಾರೆ. ಇಲ್ಲಿ ಬರೆಯುತ್ತಿರುವುದು ಇಬ್ಬರು ಹುಡುಗರ ವಿಷಯ. ಇಬ್ಬರನ್ನೂ ಕೇಳಿಯೇ ಬರೆದಿದ್ದೇನೆ. ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿದ್ದೇನೆ.

ಮೊದಲನೆಯವನು ಯಾದಗಿರಿ ಜಿಲ್ಲೆಯ ಹುಡುಗ. ಒಳ್ಳೆಯ ಕೆಲಸಗಾರ. ಬಂದ ಹೊಸದರಲ್ಲಿ ಅಡುಗೆಮನೆಯಲ್ಲಿ ಯಾರೋ "ನೀನು ಯಾವ ಜನ?" ಅಂತ ಕೇಳಿದ್ದಾರೆ. ಇವನು ಮರೆಮಾಚದೆ ಹೇಳಿದ್ದಾನೆ. ಆಮೇಲೆ ಯಾರೂ ಬೈಯಲಿಲ್ಲ, ಹೊಡೆಯಲಿಲ್ಲ. ಅವನ ಹಾಸಿಗೆ ಮಾತ್ರ ನಿಧಾನಕ್ಕೆ ಬಾತ್‌ರೂಮಿನ ಬಾಗಿಲ ಹತ್ತಿರ ಸರಿಯಿತು. ನೀರಿನ ಲೋಟ ಬೇರೆಯಾಯಿತು. ಊರಿಗೆ ಫೋನ್ ಮಾಡಿದರೆ ಹಿಂದಿನಿಂದ ಅವನ ಮಾತಿನ ಧಾಟಿಯನ್ನು ಅಣಕಿಸುವುದು. ಸೇಠರ ತನಕ ದೂರು ಒಯ್ಯುವಂಥದ್ದು ಯಾವುದೂ ಅಲ್ಲ, ಅಲ್ವಾ? ಹಾಗೆಂದೇ ಅದು ಅಷ್ಟು ದಿನ ನಡೆಯಿತು. ಅವನು ಊಟ ಬಿಟ್ಟ. ಬಿಲ್ಲಿನಲ್ಲಿ ಲೆಕ್ಕ ತಪ್ಪತೊಡಗಿತು. ಒಂದು ಮಧ್ಯಾಹ್ನ ಗಲ್ಲಾದ ಪಕ್ಕ ನಿಂತು, "ಅಣ್ಣಾ, ನಿದ್ದಿ ಹತ್ತವಲ್ದು, ಎದಿ ಬಡಕೊಳ್ತದ" ಅಂದ.

ಸಾಯುವ ಮಾತು ಎತ್ತಿದರೆ ಅದೇ ತಲೆಗೆ ಹೊಕ್ಕೀತು ಅಂತ ನಮ್ಮಲ್ಲಿ ಭಯ. ಹಾಗೇನಿಲ್ಲ. ನೇರವಾಗಿ ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ, ಹೇಳಿಕೊಳ್ಳಲು ದಾರಿಯಾಗುತ್ತದೆ ಅಂತಲೇ ಈ ಕೆಲಸ ಬಲ್ಲವರು ಹೇಳುವುದು. ಕೇಳಿದೆ. "ಒಮ್ಮೊಮ್ಮೆ ಅನಸ್ತದ ಅಣ್ಣಾ" ಅಂದ. ಆ ರಾತ್ರಿ ಅವನನ್ನು ಆ ರೂಮಿಗೆ ಕಳಿಸಲಿಲ್ಲ. ನನ್ನ ಖೋಲಿಗೆ ಕರೆದುಕೊಂಡು ಹೋದೆ. ಹೆಂಡತಿ ಏನೂ ಕೇಳದೆ ಅನ್ನ ಬಡಿಸಿದಳು. ಕೈ ಮೀರುವ ಹಾಗಿದ್ದರೆ 112ಕ್ಕೆ ಫೋನ್ ಮಾಡಬೇಕು, ಇಲ್ಲವೇ ದೊಡ್ಡಾಸ್ಪತ್ರೆಯ ಕ್ಯಾಜುವಾಲ್ಟಿಗೆ ಹೋಗಬೇಕು. ಅಲ್ಲಿ ಬಾಗಿಲು ಮುಚ್ಚುವುದಿಲ್ಲ. ಅಷ್ಟು ಬೇಕಾಗಲಿಲ್ಲ.

ಮಾರನೇ ದಿನ ನನಗೆ ಮೊದಲು ಹೊಳೆದದ್ದು ನಮ್ಮ ಕನ್ನಡ ಸಂಘಗಳು. ಈ ಊರಲ್ಲಿ ಅವಕ್ಕೇನು ಬರವೇ? ಯಕ್ಷಗಾನ, ಸ್ಕಾಲರ್‌ಶಿಪ್, ರಕ್ತದಾನ, ಸಾಮೂಹಿಕ ಮದುವೆ, ಎಲ್ಲ ಮಾಡುತ್ತಾರೆ. ಕಷ್ಟ ಅಂದರೆ ದುಡ್ಡು ಹೊಂದಿಸುತ್ತಾರೆ. ಹುಡುಗನಿಗೆ ಹೇಳಿದೆ. ಅವನು ಬೇಡವೇ ಬೇಡ ಅಂದ. ಸರಿಯಾಗಿಯೇ ಅಂದ. ಅಲ್ಲಿ ಎಲ್ಲರೂ ಎಲ್ಲರನ್ನೂ ಬಲ್ಲರು. "ಯಾವ ಊರು, ಯಾರ ಮಗ" ಅಂತಲೇ ಮಾತು ಶುರು. ಇಲ್ಲಿ ಹೇಳಿದ್ದು ಸಂಜೆಯೊಳಗೆ ಊರಿನ ಅರಳಿಕಟ್ಟೆಯಲ್ಲಿರುತ್ತದೆ. ಸಂಘದ ಮೇಲೆ ನನಗೆ ಸಿಟ್ಟಿಲ್ಲ, ನಾನೇ ಒಂದರ ಸದಸ್ಯ. ಆದರೆ ಯಾರಿಂದ ನೋವಾಗಿದೆಯೋ ಅವರದೇ ಬಳಗ ಅಲ್ಲಿ ಕೂತಿದ್ದರೆ ಇವನು ಯಾರ ಮುಂದೆ ಬಾಯಿ ಬಿಡಬೇಕು? ಇಂಥವರಿಗೆ ಬೇಕಾದದ್ದು ಪರಿಚಯವಿಲ್ಲದ ಕಿವಿ, ಪರಿಚಯದ ಭಾಷೆ.

ಅದು ಸಿಗುತ್ತದೆ. ಮನಸ್ಸಿನ ಕಷ್ಟ ಫೋನಿನಲ್ಲೇ ಹೇಳಿಕೊಳ್ಳಲು ಇರುವ ಸರಕಾರದ ಟೆಲಿ ಮಾನಸ್, ನಂಬರ್ 14416. 2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನ, ಶುರುವಾದದ್ದು. ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಹಗಲು ರಾತ್ರಿ ನಡೆಯುತ್ತದೆ, ದುಡ್ಡಿಲ್ಲ, ಭಾಷೆ ಆರಿಸಿಕೊಳ್ಳಬಹುದು, ಕನ್ನಡವೂ ಇದೆ. ಹೋಟೆಲಿನವರಿಗೆ ರಾತ್ರಿ ನಡೆಯುವುದೇ ದೊಡ್ಡ ವಿಷಯ. ಶಟರ್ ಎಳೆದು, ನೆಲ ತೊಳೆದು ಮುಗಿಯುವುದೇ ನಡುರಾತ್ರಿಗೆ.

ನಂಬರ್ ಇದೆ, ಫೋನ್ ಇದೆ. ಆದರೆ ಎಲ್ಲಿ ಕೂತು ಮಾತಾಡಬೇಕು? ರೂಮಿನಲ್ಲಿ ಒಬ್ಬರ ಕಾಲು ಇನ್ನೊಬ್ಬರ ತಲೆಗೆ. ಸ್ಟೋರ್ ರೂಮಿನಲ್ಲಿ ಈರುಳ್ಳಿ ಮೂಟೆ ಜತೆ ಯಾರಾದರೊಬ್ಬರು ಬೀಡಿ ಸೇದುತ್ತಿರುತ್ತಾರೆ. ಮನಸ್ಸಿನ ಆರೋಗ್ಯ ಅಂತ ಭಾಷಣ ಮಾಡುವವರು ಇದನ್ನು ಯೋಚಿಸಿರುವುದಿಲ್ಲ. ಕೊನೆಗೆ ಮಧ್ಯಾಹ್ನದ ಬಿಡುವಿನಲ್ಲಿ ಫೈವ್ ಗಾರ್ಡನ್‌ಗೆ ಹೋದೆವು. ಅಲ್ಲಿ ಮರದ ಕೆಳಗೆ ಬೆಂಚುಗಳಿವೆ, ಯಾರೂ ಯಾರನ್ನೂ ಕೇಳುವುದಿಲ್ಲ. ನಾನು ದೂರದ ಬೆಂಚಲ್ಲಿ ಪೇಪರ್ ಹಿಡಿದು ಕೂತೆ. ಮೊದಲು ಅವನು ಬರೀ ಹೂಂ ಅನ್ನುತ್ತಿದ್ದ. ಆಮೇಲೆ ಕೈ ಆಡಿಸಿ ಆಡಿಸಿ ಮಾತಾಡಿದ. ಫೋನಿನಲ್ಲಿ ಕೈ ಕಾಣುವುದಿಲ್ಲ ಅಂತ ಅವನಿಗೆ ಮರೆತೇ ಹೋಗಿತ್ತು. ಏನು ಮಾತಾಡಿದ ಅಂತ ನಾನು ಕೇಳಲಿಲ್ಲ, ಅವನು ಹೇಳಲಿಲ್ಲ. ಆಸ್ಪತ್ರೆಗೂ ಒಮ್ಮೆ ತೋರಿಸಿ ಅಂದರಂತೆ, ಅಷ್ಟೇ.

ಪಾಲಿಕೆಯ ದೊಡ್ಡಾಸ್ಪತ್ರೆಗಳಲ್ಲಿ, ಅಂದರೆ ಸಾಯನ್, ಕೆಇಎಂ, ನಾಯರ್, ಎಲ್ಲ ಕಡೆ ಮನೋರೋಗ ವಿಭಾಗ ಇದೆ. ಕೇಸ್ ಪೇಪರ್ ಮಾಡಿಸುವುದು ಬೆಳಿಗ್ಗೆ. ಬೆಳಿಗ್ಗೆ ಅಂದರೆ ಇಡ್ಲಿ ಹೊತ್ತು, ಹೋಟೆಲಿನಲ್ಲಿ ಉಸಿರಾಡಲೂ ಪುರುಸೊತ್ತಿಲ್ಲ. ಸೇಠರಿಗೆ ಹೊಟ್ಟೆನೋವು ಅಂತ ಹೇಳಿಸಿ ರಜೆ ಕೊಡಿಸಿದೆ. ಸುಳ್ಳೇ. ನಿಜ ಹೇಳಿದರೆ "ಹುಚ್ಚು" ಅಂತ ಹೆಸರಿಟ್ಟು ಮೊದಲು ಲೆಕ್ಕ ಚುಕ್ತಾ ಮಾಡುತ್ತಾರೆ ಅನ್ನುವ ಹೆದರಿಕೆ ಅವನಿಗಿತ್ತು. ನನಗೂ ಇತ್ತು.

ಕಾರಿಡಾರಿನ ಬೆಂಚಲ್ಲಿ ಒಂದು ಇಂಚು ಜಾಗ ಇರಲಿಲ್ಲ. ಒಳಗೆ ಇನ್ನೂ ಓದುತ್ತಿರುವಂಥ ಚಿಕ್ಕ ವಯಸ್ಸಿನ ಡಾಕ್ಟರಮ್ಮ. ಹಿಂದಿಯಲ್ಲಿ ಕೇಳಿದರು, ನಿದ್ದೆ ಬರುತ್ತದಾ, ಹಸಿವಾಗುತ್ತದಾ. ಇವನು ಎಲ್ಲಕ್ಕೂ "ಠೀಕ್ ಹೈ". ನಾನು ನಡುವೆ ಬಾಯಿ ಹಾಕಿ ಬಿಡಿಸಿ ಹೇಳಿದೆ. ಸ್ವಲ್ಪ ಹೊತ್ತಾದ ಮೇಲೆ ಅವರು ಅವನನ್ನೇ ಕೇಳಿದರು, ಇವರು ಒಳಗಿರಲೋ ಹೊರಗಿರಲೋ ಅಂತ. ಅವನು ನೆಲ ನೋಡಿಕೊಂಡು "ಬಾಹರ್" ಅಂದ. ಎದ್ದು ಹೊರಗೆ ಬಂದೆ. ಆ ಡಾಕ್ಟರಮ್ಮನ ಮೇಲೆ ನನಗೆ ಮರ್ಯಾದೆ ಹುಟ್ಟಿದ್ದು ಅಲ್ಲೇ. ಗಂಡ, ಅಣ್ಣ, ಮಾಲೀಕ, ಕ್ಯಾಶಿಯರ್, ಯಾರೇ ಜತೆ ಬರಲಿ, ಸ್ವಲ್ಪ ಹೊತ್ತು ಹೊರಗೆ ಕೂರಿಸಲೇಬೇಕು. ಇವನ ಹರಕು ಹಿಂದಿ ಒಳಗೆ ಹೇಗೋ ನಡೆಯಿತು.

ಕಾನೂನೂ ಇವನ ಕಡೆಗೇ ಇದೆ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ 2018ರಲ್ಲಿ ಜಾರಿಗೆ ಬಂತು. ಜಾತಿ, ಧರ್ಮ, ವರ್ಗ, ಲಿಂಗ, ಯಾರ ಮೇಲೆ ಒಲವು ಅನ್ನುವುದು, ಯಾವುದರ ಮೇಲೂ ಭೇದ ಮಾಡದೆ ಚಿಕಿತ್ಸೆ ಕೊಡಬೇಕು ಅಂತ ಅದರ 18ನೇ ಸೆಕ್ಷನ್ ಹೇಳುತ್ತದೆ. ಬಡತನದ ರೇಖೆಗಿಂತ ಕೆಳಗಿನವರಿಗೆ ಸರಕಾರಿ ಜಾಗದಲ್ಲಿ ಪುಕ್ಕಟೆ, ಕಾರ್ಡ್ ಕೈಯಲ್ಲಿ ಇಲ್ಲದಿದ್ದರೂ. ರೇಷನ್ ಕಾರ್ಡ್ ಊರಲ್ಲಿಟ್ಟು ಬಂದವರಿಗೆ ಇದು ಗೊತ್ತಿರಬೇಕು. ಹೇಳಿದ ವಿಷಯ ಗುಟ್ಟಾಗಿಡುವುದು 23ನೇ ಸೆಕ್ಷನ್. ಜೀವ ಕಳೆದುಕೊಳ್ಳಲು ಹೋದವನು ತೀರಾ ಒತ್ತಡದಲ್ಲಿದ್ದ ಅಂತಲೇ ತಿಳಿಯಬೇಕು, ಶಿಕ್ಷೆ ಕೊಡುವ ಹಾಗಿಲ್ಲ ಅನ್ನುವುದು 115ನೇ ಸೆಕ್ಷನ್. "ಪೊಲೀಸ್ ಕೇಸಾಗುತ್ತೆ" ಅಂತ ಆಸ್ಪತ್ರೆಗೆ ಹೋಗದೆ ಕೂರುವವರು ಇನ್ನೂ ಇದ್ದಾರೆ, ಅದಕ್ಕೇ ಇದನ್ನು ಬರೆದೆ.

ಎರಡನೆಯವನು ನಮ್ಮ ಕರಾವಳಿಯವನೇ. ಅವನಿಗೆ ಹುಡುಗರ ಮೇಲೆ ಮನಸ್ಸು. ರೂಮಿನವರು ಫೋನ್ ಕಸಿದು ನೋಡಿದ್ದಾರೆ, ಊರಿಗೆ ಸುದ್ದಿ ಹೋಗಿದೆ. ಅಣ್ಣ ಬಂದು ಒಬ್ಬ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಆ ಪುಣ್ಯಾತ್ಮ "ಸರಿ ಮಾಡಬಹುದು, ಆಮೇಲೆ ಮದುವೆ ಮಾಡಿ" ಅಂದನಂತೆ. ಸರಿ ಮಾಡುವುದಕ್ಕೆ ಅದು ಕಾಯಿಲೆಯೇ ಅಲ್ಲ. ಸುಪ್ರೀಂ ಕೋರ್ಟು 2018ರ ಸೆಪ್ಟೆಂಬರ್ 6ರಂದು ಇಂಥ ಸಂಬಂಧವನ್ನು ಅಪರಾಧ ಅನ್ನುತ್ತಿದ್ದ 377ನೇ ಸೆಕ್ಷನ್ನಿನ ತೀರ್ಪು ಕೊಟ್ಟ ಮೇಲೆ ಅಪರಾಧವೂ ಅಲ್ಲ. ಇನ್ನೂ ಒಂದು ವಿಷಯ ಇದೆ. ಕನ್ವರ್ಷನ್ ಥೆರಪಿ ಅಂತ ಹೀಗೆ "ಬದಲಾಯಿಸುವ" ಚಿಕಿತ್ಸೆ ಕೊಡುವುದು ವೃತ್ತಿಯ ದುರ್ನಡತೆ ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಹೇಳಿದೆ. ಅಣ್ಣನಿಗೆ ಇದನ್ನು ತೋರಿಸಿದೆ. ಒಪ್ಪಲಿಲ್ಲ, ಆದರೆ ಆ ಡಾಕ್ಟರ ಹತ್ತಿರ ಮತ್ತೆ ಕರೆದುಕೊಂಡು ಹೋಗಲಿಲ್ಲ.

ಇವನಿಗೆ ಸಿಕ್ಕಿದ್ದು ಇಂಥ ಒಲವಿನವರಿಗಾಗಿಯೇ ಇರುವ ಹಮ್‌ಸಫರ್ ಟ್ರಸ್ಟ್. 1994ರಲ್ಲಿ ಅಶೋಕ್ ರಾವ್ ಕವಿ ಮತ್ತು ಗೆಳೆಯರು ಮುಂಬಯಿಯಲ್ಲಿ ಕಟ್ಟಿದ್ದು, ಸಾಂತಾಕ್ರೂಜ್ ಪೂರ್ವದಲ್ಲಿದೆ. ಅಲ್ಲಿ ಕೌನ್ಸಿಲಿಂಗ್ ಇದೆ. ಜತೆಗೆ ತನ್ನಂಥವರನ್ನು ನೋಡಬಹುದು. ಹೋಗಿ ಬಂದು ಅವನು ಹೇಳಿದ್ದು ಒಂದೇ ಮಾತು: "ಅಲ್ಲಿ ಯಾರೂ ಗುರಾಯಿಸಿ ನೋಡ್ಲಿಲ್ಲ ಮಾರಾಯ್ರೇ." ಇವನಿಗೆ ಕನ್ನಡವೇ ಬೇಕು ಅಂತ ಇರಲಿಲ್ಲ. ಹಿಂದಿಯಲ್ಲೇ ಹಗುರವಾಗಿ ಮಾತಾಡುತ್ತಾನೆ. ಮೊದಲನೆಯವನಿಗೆ ಆದದ್ದೇ ಎಲ್ಲರಿಗೂ ಆಗುತ್ತದೆ ಅಂತಲ್ಲ ನೋಡಿ.

ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊದ ಲೆಕ್ಕದಲ್ಲಿ 2022ರಲ್ಲಿ ದೇಶದಲ್ಲಿ ಆತ್ಮಹತ್ಯೆಯಿಂದ ಹೋದವರು 1,70,924 ಜನ. ಅವರಲ್ಲಿ ನಾಲ್ಕರಲ್ಲಿ ಒಬ್ಬರಿಗಿಂತ ಜಾಸ್ತಿ ದಿನಗೂಲಿಯವರು. ರಾಜ್ಯಗಳಲ್ಲಿ ಮಹಾರಾಷ್ಟ್ರವೇ ಮುಂದೆ. ಇಷ್ಟು ಜನಕ್ಕೆ ಡಾಕ್ಟರು ಎಲ್ಲಿಂದ ಬರಬೇಕು? ಪಕ್ಕದ ಗೋವಾದಲ್ಲಿ ಒಂದು ದಾರಿ ಮಾಡಿ ತೋರಿಸಿದ್ದಾರೆ. ಮನೋವೈದ್ಯ ವಿಕ್ರಮ್ ಪಟೇಲ್ ಮತ್ತು ಜತೆಗಾರರು 1996ರಲ್ಲಿ ಶುರು ಮಾಡಿದ ಸಂಗತ್ ಅನ್ನುವ ಸಂಸ್ಥೆ, ಡಾಕ್ಟರಲ್ಲದ ಸ್ಥಳೀಯ ಜನರಿಗೇ ತರಬೇತಿ ಕೊಟ್ಟು ಖಿನ್ನತೆಯವರ ಜತೆ ಮಾತಾಡುವ ಕೆಲಸಕ್ಕೆ ಹಚ್ಚಿತು. ಅದರಿಂದ ಜನರಿಗೆ ಗುಣವಾದದ್ದು ಅಧ್ಯಯನಗಳಲ್ಲೂ ಕಂಡಿದೆ. ಹೋಟೆಲ್ ಮಾಲೀಕರು, ಸಂಘದವರು ಸೇರಿ ಒಂದಿಷ್ಟು ಹುಡುಗರಿಗೆ ಅಂಥ ತರಬೇತಿ ಕೊಡಿಸಬಹುದು. ಒಂದು ಷರತ್ತು. ಈ ಹೋಟೆಲಿನವನು ಆ ಹೋಟೆಲಿಗೆ ಹೋಗಬೇಕು, ತನ್ನದೇ ಹೋಟೆಲಿನಲ್ಲಿ ಕೂರಬಾರದು.

ಸದ್ಯಕ್ಕೆ ನನ್ನ ಕೈಲಾಗಿದ್ದು ಒಂದು ಚೀಟಿ. 14416, 112, ಪಾಲಿಕೆ ಆಸ್ಪತ್ರೆಗಳ ಹೆಸರು, ಹಮ್‌ಸಫರ್ ಹೆಸರು. ಗಲ್ಲಾದ ಹಿಂದೆ ಅಂಟಿಸುತ್ತೇನೆ ಅಂದೆ. "ಗಿರಾಕಿಗಳು ಏನು ತಿಳ್ಕೊಳ್ತಾರೆ ಮಾರಾಯ" ಅಂದರು ಸೇಠ್. ರೂಮಿನ ಗೋಡೆಗೆ ಹಾಕಿದರೆ ನೋಡುತ್ತಾ ನಿಂತವನನ್ನು ನಾಲ್ಕು ಜನ ನೋಡುತ್ತಾರೆ. ಹಾಗಾಗಿ ಕೆಲಸದವರ ಸಂಡಾಸಿನ ಬಾಗಿಲಿಗೆ, ಒಳಗಡೆ, ಕಣ್ಣಿನ ಎತ್ತರಕ್ಕೆ ಅಂಟಿಸಿದ್ದೇನೆ. ಕನ್ನಡ, ಹಿಂದಿ ಎರಡೂ ಇದೆ. ಒಡಿಯಾದ್ದು ನಮ್ಮ ತಂದೂರಿಯವನು ಬರೆದುಕೊಡುತ್ತೇನೆ ಅಂದಿದ್ದಾನೆ, ಅವನು ಊರಿಂದ ಬರಬೇಕು. ಬೇರೆ ಹೋಟೆಲಿನವರಿಗೆ ಬೇಕಿದ್ದರೆ ಕೇಳಿ, ಕಳಿಸುತ್ತೇನೆ. ಪ್ಲಾಸ್ಟಿಕ್ ಹಾಕಿಸಿ ಅಂಟಿಸಿ, ಇಲ್ಲದಿದ್ದರೆ ಬಾಗಿಲು ತೊಳೆಯುವಾಗ ಅಕ್ಷರ ಹೋಗುತ್ತದೆ.